ಪೆನ್ಸಿಲ್ ಹಿಡಿದ ಆರು ವಾರ

ನಮ್ಮ ಕಾಲೇಜಿನ ಆಫೀಸಿನಿಂದ ಮೊನ್ನೆ ನನ್ನ ಫಾರಂ ಒಂದು ವಾಪಸು ಬಂತು. ಹೊಸ ಗುರುತಿನ ಚೀಟಿ ಮಾಡಿಸುವ ಸಲುವಾಗಿ ಅಧ್ಯಾಪಕರೆಲ್ಲ ತುಂಬಿಕೊಡಬೇಕಾಗಿದ್ದ ಒಂದೇ ಪುಟದ ಬಡಪಾಯಿ ಫಾರಂ ಅದು. ಹೆಸರು, ವಿಳಾಸ, ರಕ್ತದ ಗುಂಪು, ಆಪತ್ತು ಬಂದರೆ ಯಾರಿಗೆ ತಿಳಿಸಬೇಕು ಎಂಬ ಅಪಶಕುನದ ಪ್ರಶ್ನೆ, ಅದಕ್ಕೆ ಉತ್ತರವಾಗಿ ಮನೆಯವರದೊಂದು ಹೆಸರು, ಮನೆಯವರಲ್ಲದ ಸ್ನೇಹಿತರದೊಂದು ಹೆಸರು, ಇಷ್ಟನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಗುಮಾಸ್ತರಾದ ಶಿವಲಿಂಗಯ್ಯನವರು ಎರಡು ಆಕ್ಷೇಪಣೆ ಎತ್ತಿದ್ದರು. ಸ್ನೇಹಿತರ ಹೆಸರಿನ ಸಾಲು ಖಾಲಿ ಬಿದ್ದಿತ್ತು ಎಂಬುದು ಒಂದು. ತುಂಬಿದ್ದ ಸಾಲುಗಳನ್ನೆಲ್ಲ ನಾನು ಪೆನ್ಸಿಲ್ಲಿನಲ್ಲಿ ತುಂಬಿದ್ದೆ ಎಂಬುದು ಇನ್ನೊಂದು. "ಮೇಡಂ, ಕಾನೂನು ಪಾಠ ಮಾಡೋರು ನೀವು. ಇದನ್ನ ಯಾರಾದ್ರೂ ರಬ್ಬರ್ ತಗೊಂಡು ಉಜ್ಜಿದ್ರೆ ನೀವು ಈ ಕಾಲೇಜಲ್ಲೇ ಇಲ್ಲ ಅಂತಾಗುತ್ತೆ" ಎಂದು ಬಹಳ ಮರ್ಯಾದೆಯಿಂದ ಹೇಳಿ, ಹೊಸ ಫಾರಂ ಕೊಟ್ಟು, ಅದರ ಜೊತೆಗೆ ತಮ್ಮ ಪೆನ್ನನ್ನೂ ಕೊಟ್ಟರು.

ಪೆನ್ಸಿಲ್ಲಿನ ಈ ಚಾಳಿ ನನಗೆ ಹುಟ್ಟುಗುಣವೇನಲ್ಲ. ಐದನೆಯ ತರಗತಿಯಲ್ಲಿ ಪೆನ್ನು ಹಿಡಿಯುವ ಪರವಾನಗಿ ಸಿಕ್ಕ ದಿನ, ಹಳೆ ಯಲಹಂಕದ ನಮ್ಮ ಬೀದಿಯ ತುಂಬ ಬಲಗೈ ಹೆಬ್ಬೆರಳಿನ ನೀಲಿ ಶಾಯಿಯನ್ನು ಪ್ರದರ್ಶನಕ್ಕಿಟ್ಟು, ಊಟಕ್ಕೂ ಕೈ ತೊಳೆಯಲು ಒಪ್ಪದೆ ಅಮ್ಮನಿಂದ ಪೆಟ್ಟು ತಿಂದವಳು ನಾನು. ಅಂಥ ಶಾಯಿಪ್ರಿಯಳಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅದೂ ಸಂವಿಧಾನ, ಕರಾರು, ಸಾಕ್ಷ್ಯ ಇತ್ಯಾದಿ ಮಹಾಗ್ರಂಥಗಳನ್ನೆಲ್ಲ ಅರೆದು ಕುಡಿದಿದ್ದೇನೆ ಎಂಬ ಭ್ರಮೆಯಲ್ಲಿದ್ದ ಕಾಲದಲ್ಲಿ, ಮತ್ತೆ ಪೆನ್ಸಿಲ್ಲಿಗೆ ಹಿಂಬಡ್ತಿಯಾಯಿತು. ಹೆಬ್ಬಾಳದ ಒಂದು ಕಾನೂನು ಸಂಸ್ಥೆಯಲ್ಲಿ ನಾನು ಬೇಸಿಗೆಯ ತರಬೇತಿಗೆಂದು ಸೇರಿದ್ದು ಆಗ. ಏಳೆಂಟು ವರ್ಷವಾಯಿತು. ಆ ಆರು ವಾರಗಳು ಇನ್ನೂ ನನ್ನನ್ನು ಬಿಟ್ಟಿಲ್ಲ.

ಕಾನೂನು ಓದದ ಪುಣ್ಯವಂತರಾದ ಓದುಗರಿಗೆ ಇಲ್ಲಿ ಒಂದು ಮಾತು ವಿವರಿಸಬೇಕು. ಬೇರೆ ವಿದ್ಯಾರ್ಥಿಗಳಿಗೆ ಬೇಸಿಗೆ ಎಂದರೆ ಮಾವಿನಹಣ್ಣು, ಮದುವೆಮನೆ, ಮಧ್ಯಾಹ್ನದ ನಿದ್ದೆ. ನಮಗೆ ಮಾತ್ರ ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಕರಿಯ ಕೋಟು ತೊಟ್ಟು, ಯಾವುದಾದರೂ ದೊಡ್ಡ ಸಂಸ್ಥೆಯ ಬಾಗಿಲಲ್ಲಿ ನಿಂತು, ಅಲ್ಲಿನ ವಕೀಲರು ಮಾಡಲೊಲ್ಲದ ಕೆಲಸಗಳನ್ನೆಲ್ಲ ಆರು ವಾರ ಹಲ್ಲು ಕಿರಿಯುತ್ತ ಮಾಡುವ ವ್ರತ. ವ್ರತದ ಫಲವೂ ಸಣ್ಣದಲ್ಲ. ಕೊನೆಯ ದಿನ ಅವರು ಮೆಚ್ಚಿದರೆ, ಓದು ಮುಗಿದ ಮೇಲೆ ಇಲ್ಲಿಗೇ ಕೆಲಸಕ್ಕೆ ಬನ್ನಿ ಎಂಬ ಪತ್ರ ಕೈಗೆ ಬರುತ್ತದೆ. ಜಮೀನಿನ ವಿಭಾಗದಲ್ಲಿ ಆ ವರ್ಷ ನಾವಿದ್ದದ್ದು ಇಬ್ಬರು, ಪತ್ರವಿದ್ದದ್ದು ಒಂದು. ನನಗೆ ಆ ಪತ್ರ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಅದನ್ನು ಚೌಕಟ್ಟು ಹಾಕಿಸಿ ನಮ್ಮ ಹಜಾರದ ಯಾವ ಮೊಳೆಗೆ ತೂಗುಹಾಕಬೇಕೆಂಬುದನ್ನು ಕೂಡ ಮೊದಲ ವಾರದಲ್ಲೇ ನಿಶ್ಚಯಿಸಿದ್ದೆ.

ಆಫೀಸು ಏಳನೆಯ ಮಹಡಿಯಲ್ಲಿತ್ತು. ಕಿಟಕಿಯ ಒಂದು ಕಡೆ ಕೆರೆ, ಇನ್ನೊಂದು ಕಡೆ ಮೇಲ್ಸೇತುವೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ತೆವಳುವ ಗಾಡಿಗಳು, ಮೇಲೆ ದೇವನಹಳ್ಳಿಯ ಕಡೆಗೆ ಇಳಿಯುವ ವಿಮಾನಗಳು. ನಮಗೆ ಅಲ್ಲಿ ಸ್ವಂತ ಕುರ್ಚಿ ಇರಲಿಲ್ಲ. ಅಂದು ಯಾರು ರಜೆಯೋ ಅವರ ಕುರ್ಚಿಯೇ ಅಂದಿನ ಸಿಂಹಾಸನ. ಸ್ವಂತ ಪೆನ್ನೂ ಇರಲಿಲ್ಲ. ವಿಭಾಗದ ಮುಖ್ಯಸ್ಥೆಯಾದ ವಸುಧಾ ಮೇಡಂ ಮೊದಲ ದಿನವೇ ನಮ್ಮಿಬ್ಬರ ಪೆನ್ನುಗಳನ್ನು ಮೇಜಿನ ಖಾನೆಗೆ ಹಾಕಿಕೊಂಡು, ತಲಾ ಒಂದು ಪೆನ್ಸಿಲ್, ಒಂದು ರಬ್ಬರ್ ಕೊಟ್ಟಿದ್ದರು. ಜನರ ಮೂಲಪತ್ರಗಳು ನಮ್ಮ ಕೈಗೆ ಬರುತ್ತವೆ, ಅಜ್ಜನ ಕಾಲದ ಕಾಗದದ ಮೇಲೆ ನಿಮ್ಮ ಶಾಯಿ ಬಿದ್ದರೆ ಅದನ್ನು ತೆಗೆಯುವ ವಿದ್ಯೆ ಸುಪ್ರೀಂ ಕೋರ್ಟಿಗೂ ಗೊತ್ತಿಲ್ಲ ಎಂಬುದು ಅವರ ವಾದ. ಟಿಪ್ಪಣಿ, ಕರಡು, ನಕ್ಷೆ ಎಲ್ಲವೂ ಪೆನ್ಸಿಲ್ಲಿನಲ್ಲೇ. ಮೇಲಿನವರು ತಾಳೆ ನೋಡಿದ ಬಳಿಕ ಅವರೇ ಅದರ ಮೇಲೆ ಪೆನ್ನು ಆಡಿಸುವರು. ಆಫೀಸಿನಲ್ಲಿ ನಮ್ಮ ಹೆಸರೇ ಪೆನ್ಸಿಲ್‌ಗಳು ಎಂದಾಗಿತ್ತು. ಕೆಲಸದ ಪತ್ರ ಸಿಕ್ಕವರಿಗೆ ಕೊನೆಯ ದಿನ ಮೇಡಂ ತಮ್ಮ ಕೈಯಾರೆ ಒಂದು ಪೆನ್ನು ಕೊಡುವುದು ಅಲ್ಲಿಯ ಸಂಪ್ರದಾಯ. ಯಾವ ಅಂಗಡಿಯಲ್ಲೂ ಸಿಗುವ ನೀಲಿ ಪೆನ್ನು, ಆದರೆ ಆ ಮಹಡಿಯಲ್ಲಿ ಅದಕ್ಕೆ ಕಿರೀಟದ ಬೆಲೆಯಿತ್ತು.

ಇನ್ನೊಬ್ಬ ಪೆನ್ಸಿಲ್ ಅಫ್ರೀನ್. ಆರ್.ಟಿ. ನಗರದ ಹುಡುಗಿ, ಬೇರೆ ಕಾಲೇಜು, ನನ್ನದೇ ವಯಸ್ಸು. ಮನೆಯಲ್ಲಿ ದಖನಿ, ಆಫೀಸಿನಲ್ಲಿ ಇಂಗ್ಲಿಷು, ನನ್ನ ಹತ್ತಿರ ಮಾತ್ರ ಆಟೋ ಸ್ಟ್ಯಾಂಡಿನ ಕನ್ನಡ. "ಏನ್ ಸಮಾಚಾರ ಗುರು, ಬದುಕಿದ್ದೀಯಾ?" ಎಂಬುದು ಪ್ರತಿ ಬೆಳಗಿನ ಅವಳ ಸುಪ್ರಭಾತ. ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಅವಳ ತಾಯಿಯ ಫೋನು ಬರುತ್ತಿತ್ತು. "ಹೌ ಅಮ್ಮೀ, ಖಾ ಲೀ" ಎಂದು ತಿನ್ನದ ಊಟವನ್ನು ತಿಂದಾಯಿತೆಂದು ವರದಿ ಒಪ್ಪಿಸಿ, ಆಮೇಲೆ ಡಬ್ಬಿ ಬಿಚ್ಚಿ, ಹುಳಿಯಾದ ಬೇಳೆಸಾರನ್ನು ನನ್ನ ಮುದ್ದೆಯ ಮೇಲೆ ಸುರಿಯುವಳು. ನಾವು ಸ್ಪರ್ಧಿಗಳು ಎಂಬುದು ಇಬ್ಬರಿಗೂ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಮರೆಯುತ್ತಿದ್ದೆವು. ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿ ತೋರಿಸುತ್ತೇನೆಂದು ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ಅವಳು ಹಕ್ಕಿಗಳ ಕಡೆ ನೋಡಲೇ ಇಲ್ಲ. ಕೆರೆಯ ಸುತ್ತಲ ಬಡಾವಣೆಗಳನ್ನು ನೋಡುತ್ತ, ಇದರ ಪತ್ರಗಳನ್ನು ಯಾವ ಪಾಪಿ ಓದಿರಬೇಕೋ ಎಂದು ನಿಟ್ಟುಸಿರು ಬಿಟ್ಟಳು. ಅಂಥ ಸ್ನೇಹ ಆಮೇಲೆ ನನಗೆ ಸಿಗಲಿಲ್ಲ.

ಪತ್ರ ಓದುವುದೇ ನಮ್ಮ ಕೆಲಸ. ಯಾರೋ ಒಬ್ಬರು ಜಮೀನು ಕೊಳ್ಳಬೇಕೆನ್ನುತ್ತಾರೆ. ಮಾರುವವರಿಗೆ ಅದು ಎಲ್ಲಿಂದ ಬಂತು, ಅವರಿಗಿಂತ ಮುಂಚೆ ಯಾರದು, ಆ ಯಾರಿಗೋ ಎಷ್ಟು ಮಕ್ಕಳು, ಎಲ್ಲರೂ ಒಪ್ಪಿ ಸಹಿ ಹಾಕಿದ್ದಾರೆಯೇ, ಇದನ್ನೆಲ್ಲ ಹಳೆಯ ಕಾಗದಗಳಿಂದ ಬಗೆದು ತೆಗೆದು ಒಂದು ದೊಡ್ಡ ಹಾಳೆಯ ಮೇಲೆ ವಂಶವೃಕ್ಷ ಬರೆಯಬೇಕು. ಮೇಲೆ ಅಜ್ಜ, ಕೆಳಗೆ ಮಕ್ಕಳು, ಅದರ ಕೆಳಗೆ ಮೊಮ್ಮಕ್ಕಳು. ತೀರಿಕೊಂಡವರ ಹೆಸರಿನ ಹಿಂದೆ 'ಲೇಟ್' ಎಂದು ಸೇರಿಸಿ, ಅವರ ಮರಣಪತ್ರವನ್ನು ತರಿಸಬೇಕು. ಹುಟ್ಟಿದ ಹಳ್ಳಿಯನ್ನು ಬಿಟ್ಟು ಒಂದು ಹೆಜ್ಜೆ ಕದಲದೆಯೇ ನಗರದೊಳಗೆ ಬಂದುಬಿಟ್ಟ ಜನ ನಮ್ಮ ಯಲಹಂಕದ ಸುತ್ತಿನವರು. ಅವರ ಮನೆತನಗಳ ಒಳಸುದ್ದಿ ಆ ಕಾಗದಗಳಲ್ಲಿ ಎಷ್ಟಿರುತ್ತಿತ್ತೆಂದರೆ, ನನಗದು ಕೆಲಸವೆಂದು ಅನ್ನಿಸುತ್ತಲೇ ಇರಲಿಲ್ಲ. ಯಾವ ಅಣ್ಣ ಯಾವ ತಮ್ಮನ ಮೇಲೆ ಯಾವಾಗ ಮುನಿಸಿಕೊಂಡ ಎಂಬುದನ್ನು ಸಹಿಯ ವಾರೆಯಿಂದಲೇ ಹೇಳಬಲ್ಲೆ ಎಂಬಷ್ಟು ಜಂಬ ಬಂದಿತ್ತು. ನನ್ನ ವಂಶವೃಕ್ಷಗಳು ಅಂದವಾಗಿಯೂ ಇರುತ್ತಿದ್ದವು. ಅಳತೆಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದೆ.

ನಾಲ್ಕನೆಯ ವಾರ ಬಂದದ್ದು ಮುನಿರಾಜಪ್ಪನವರ ಜಮೀನು. ಕೆರೆಯ ಆಚೆಗಿನ ಒಂದು ತುಂಡು ಹೊಲ, ಅಪ್ಪನಿಂದ ಬಂದದ್ದು, ಈಗ ಮಾರಾಟಕ್ಕಿಟ್ಟದ್ದು. ಅಣ್ಣತಮ್ಮಂದಿರು ಮೂವರು ಭಾಗ ಮಾಡಿಕೊಂಡ ಪತ್ರವಿತ್ತು, ಮೂರು ಸಹಿಗಳಿದ್ದವು. ಎಲ್ಲ ನೆಟ್ಟಗಿದೆ ಎಂದುಕೊಳ್ಳುವಷ್ಟರಲ್ಲಿ, ಅದಕ್ಕಿಂತ ಬಹಳ ಹಿಂದಿನ, ಅಂಚು ಪುಡಿಯಾಗಿದ್ದ ಒಂದು ಅಡಮಾನ ಪತ್ರದಲ್ಲಿ ಆ ಅಪ್ಪ ತನ್ನ ಮಕ್ಕಳ ಹೆಸರು ಬರೆಸಿದ್ದು ಕಣ್ಣಿಗೆ ಬಿತ್ತು. ಅಲ್ಲಿ ನಾಲ್ಕು ಹೆಸರಿದ್ದವು. ಮೊದಲನೆಯದು ಸಾಕಮ್ಮ. ಆಮೇಲಿನ ಯಾವ ಕಾಗದದಲ್ಲೂ ಆ ಹೆಸರಿರಲಿಲ್ಲ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಡೀ ಆಫೀಸು ನೋಡದ ಹೆಸರನ್ನು ನಾನು ನೋಡಿದ್ದೆ. ಮೇಡಂ ಅಡಮಾನ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಒಳ್ಳೇ ಕೆಲಸ" ಎಂದರು. ಅವರ ಬಾಯಿಂದ ಆ ಎರಡು ಶಬ್ದಗಳು ಬರುವುದು ಅಪರೂಪವಾದ್ದರಿಂದ, ನಾನು ಆ ದಿನವೆಲ್ಲ ನೆಲದಿಂದ ನಾಲ್ಕು ಬೆರಳು ಮೇಲೆ ಓಡಾಡಿದೆ.

ಮರುದಿನ ವಂಶವೃಕ್ಷ ಬರೆಯಲು ಕುಳಿತೆ. ಸಾಕಮ್ಮನ ಹೆಸರಿನ ಹತ್ತಿರ ಪೆನ್ಸಿಲ್ ನಿಂತಿತು. ಆಕೆಯ ವಿಳಾಸವಿಲ್ಲ, ಗಂಡನ ಹೆಸರಿಲ್ಲ, ಸಹಿಯಿಲ್ಲ. ಕಾಗದ ಓದಿ ಓದಿ ನನ್ನ ಲೋಕದಲ್ಲಿ ಒಂದು ವಿಚಿತ್ರ ನ್ಯಾಯ ಹುಟ್ಟಿಕೊಂಡಿತ್ತು: ಕಾಗದದಲ್ಲಿ ಬರುವವರು ಇದ್ದಾರೆ, ಬರದವರು ಇಲ್ಲ. ತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಅಕ್ಕ ಇದ್ದಿದ್ದರೆ ಒಂದು ಹೆಬ್ಬೆಟ್ಟಾದರೂ ಬೀಳುತ್ತಿತ್ತಲ್ಲ ಎಂದು ತರ್ಕಿಸಿ, ಆಕೆಯ ಹೆಸರಿನ ಹಿಂದೆ ಮುದ್ದಾದ ಅಕ್ಷರಗಳಲ್ಲಿ 'ಲೇಟ್' ಎಂದು ಬರೆದೆ, ಮರಣಪತ್ರವನ್ನು ಆಮೇಲೆ ತರಿಸಿದರಾಯಿತು ಎಂದುಕೊಂಡೆ. ಒಂದು ಫೋನು ಮಾಡಿ ಕೇಳಬಹುದಿತ್ತು. ಆದರೆ ಶುಕ್ರವಾರದೊಳಗೆ ಹಾಳೆ ಒಪ್ಪಿಸಬೇಕಾಗಿತ್ತು, ಗೆರೆಗಳೆಲ್ಲ ನೀಟಾಗಿ ಬಂದಿದ್ದವು. ಮೇಡಂ ಹಾಳೆ ನೋಡಿ, "ಈಯಮ್ಮ ಇಲ್ವಾ?" ಎಂದು ಕೇಳಿದರು. "ಇಲ್ಲ ಮೇಡಂ, ತೀರ್ಕೊಂಡಿದ್ದಾರೆ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೋಮವಾರ ಮುನಿರಾಜಪ್ಪನವರು ಕರಡು ನೋಡಿ ಒಪ್ಪಿಗೆ ಕೊಡಲು ಬಂದರು. ಅರವತ್ತು ದಾಟಿದ ಆಳು, ಬಿಳಿ ಅಂಗಿ ಬಿಳಿ ಪಂಚೆ. ಹೊಲದಲ್ಲಿ ಉತ್ತ ಕೈಗಳಿಂದಲೇ ನಾಲ್ಕು ಅಪಾರ್ಟ್‌ಮೆಂಟು ಎಬ್ಬಿಸಿದವರು. ನಾನು ಬರೆದ ಹಾಳೆಯನ್ನು ಮೇಜಿನ ಮೇಲೆ ಹರಡಿದ್ದೆವು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ಮಗ್ಗಿ ಹೇಳುವವರ ಹಾಗೆ ಓದುತ್ತ ಬಂದು, ಒಂದು ಕಡೆ ನಿಂತರು. ಬೆರಳು ಅಲ್ಲಿಂದ ಮೇಲೇಳಲಿಲ್ಲ. ತಲೆಯೆತ್ತಿ, ಮೆಲ್ಲಗೆ, "ನಮ್ಮಕ್ಕನ್ನ ಯಾರ್ರೀ ಸಾಯ್ಸಿದೋರು?" ಎಂದು ಕೇಳಿದರು.

ಅವರೇ ಮುಂದುವರಿಸಿದರು. "ಶೆಟ್ಟಿಹಳ್ಳೀಲಿ ಅವ್ಳೆ. ಗಟ್ಟಿಮುಟ್ಟಾಗವ್ಳೆ. ಅತ್ತು ವರ್ಸ ಆಯ್ತು ಮಾತಿಲ್ಲ ಕತೆಯಿಲ್ಲ, ಅದು ನಮ್ ನಮ್ದು. ಅಂಗಂತ ಇಂಗೆ ಬರ್ಯೋದಾ?" ಓದುಗರು ಒಂದು ಕ್ಷಣ ಯೋಚಿಸಿ ನೋಡಬೇಕು. ಭಾಗಪತ್ರದಲ್ಲಿ ಅಕ್ಕನನ್ನು ಬಿಟ್ಟವರು ಅವರೇ. ಆ ಹಾಳೆಯಲ್ಲಿ ಅಕ್ಕ ಸತ್ತಿದ್ದರೆ ಅವರಿಗೆ ಅನುಕೂಲವೇ ಇತ್ತು. ಸುಮ್ಮನೆ ಮುಂದಿನ ಹೆಸರಿಗೆ ಬೆರಳು ಸರಿಸಬಹುದಿತ್ತು. ಬಿಟ್ಟುಬಿಡುವುದಕ್ಕೆ ಸಾಧ್ಯವಾದ ಅಕ್ಕನನ್ನು ಸತ್ತಳೆಂದು ಓದುವುದಕ್ಕೆ ಆ ಮನುಷ್ಯನಿಂದ ಆಗಲಿಲ್ಲ. ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು. ವಸುಧಾ ಮೇಡಂ ನನ್ನ ಕಡೆ ನೋಡಲಿಲ್ಲ. ಅವರು ನೋಡಿ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮಾರನೆಯ ಬೆಳಿಗ್ಗೆ ಮೇಡಂ, ನಾನು, ಮುನಿರಾಜಪ್ಪನವರು ಅವರದೇ ಕಾರಿನಲ್ಲಿ ಶೆಟ್ಟಿಹಳ್ಳಿಗೆ ಹೋದೆವು. ಹಾಳೆ, ಪೆನ್ಸಿಲ್, ರಬ್ಬರ್ ಮೂರನ್ನೂ ತೆಗೆದುಕೊಂಡು ಬಾ, ನಡೆದದ್ದನ್ನು ನೀನೇ ಹೇಳಬೇಕು ಎಂದು ಮೇಡಂ ಅವರ ಅಪ್ಪಣೆಯಾಗಿತ್ತು. ಮನೆ ಬಂತು, ಮುನಿರಾಜಪ್ಪನವರು ಇಳಿಯಲಿಲ್ಲ. ಹೊಂಗೆಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಎದುರಿನ ಗೋಡೆಯನ್ನೇ ನೋಡುತ್ತ ಕುಳಿತರು. ಸಾಕಮ್ಮ ಮಹಡಿಯ ಮೇಲೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಸಣ್ಣ ಆಕಾರ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಿಟ್ಟಾದ ಕೈ. ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳು ಇನ್ನು ಸಾಕಪ್ಪಾ ಎನ್ನಿಸಿದಾಗ ಇಡುತ್ತಿದ್ದ ಹೆಸರು ಅದು ಎಂದು ಕೇಳಿದ್ದೇನೆ. ಚೊಚ್ಚಲ ಕೂಸಿಗೇ ಆ ಹೆಸರಿಟ್ಟ ಮನೆಯವರಿಗಿಂತ ನಾನು ಒಂದು ಹೆಜ್ಜೆ ಮುಂದೆ ಹೋಗಿದ್ದೆ.

ಮೇಡಂ ಜಮೀನಿನ ವಿಷಯ ತಿಳಿಸಿದರು. ಅಪ್ಪನ ಹೊಲದಲ್ಲಿ ನಿಮಗೂ ಸಮಪಾಲಿದೆ, ನಿಮ್ಮದೇ ವಕೀಲರನ್ನು ಕೇಳಿ, ಅವಸರದಲ್ಲಿ ಯಾವುದಕ್ಕೂ ಸಹಿ ಹಾಕಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ ನನ್ನ ಸರದಿ. ನಾನು ತೊದಲಿದೆ. ಹಾಳೆ ಬಿಚ್ಚಿ, ಹೆಸರು ತೋರಿಸಿ, ಅದರ ಹಿಂದಿನ ಎರಡಕ್ಷರ ಏನೆಂದು ಆಕೆ ಕೇಳಿದಾಗ ಹೇಳಲೇಬೇಕಾಯಿತು. ಸಾಕಮ್ಮ ಸಿಟ್ಟಾಗಲಿಲ್ಲ. ಮಹಡಿಯ ಅಂಚಿಗೆ ಹೋಗಿ, ಕೆಳಗೆ ನಿಂತಿದ್ದ ಕಾರನ್ನು ಒಂದು ಸಲ ನೋಡಿ ಬಂದರು.

"ಮಗನ ಲಗ್ನಪತ್ರಿಕೇನ ಪೋಸ್ಟಲ್ಲಿ ಕಳ್ಸಿದ. ಮನೆಗ್ ಬಂದು ಕುಂಕುಮ ಇಟ್ಟು ಕರೀಲಿಲ್ಲ. ಇವತ್ತು ನನ್ ತಿಥಿ ಪತ್ರಾನ ನಿನ್ ಕೈಲಿ ಕಳ್ಸವ್ನಾ ತಾಯಿ?"

ಹತ್ತು ವರ್ಷದ ಮೌನಕ್ಕೆ ಕಾರಣ ಅದಾಗಿತ್ತು. ಹೊಲವಲ್ಲ, ಭಾಗವಲ್ಲ, ಹೊಸಿಲಿಗೆ ಬಂದು ಕರೆಯದೆ ಹೋದ ಒಂದು ಮದುವೆ. ಅವರು ಬರೆದದ್ದಲ್ಲಮ್ಮ, ನಾನು ಬರೆದದ್ದು, ಅವರು ನೋಡಿ ತಡೆದದ್ದಕ್ಕೇ ನಾವಿಲ್ಲಿ ಬಂದದ್ದು ಎಂದು ನಾನು ಹೇಳಿದೆ. ಆ ಆರು ವಾರಗಳಲ್ಲಿ ನಾನು ಆಡಿದ ಒಂದೇ ಉಪಯುಕ್ತ ವಾಕ್ಯ ಅದಿರಬೇಕು. ಸಾಕಮ್ಮ ಹಾಳೆಯ ಮೇಲೆ ಬಗ್ಗಿ ನೋಡಿ, "ಪೆನ್ಸಲ್ಲು ತಾನೆ? ರಬ್ಬರ್ ಕೊಡು" ಎಂದು ಕೈ ಚಾಚಿದರು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ತಮ್ಮ ಸಾವನ್ನು ತಾವೇ ಉಜ್ಜಿದರು. ಕಾಗದ ಹರಿಯುತ್ತದೇನೋ ಎನ್ನುವಷ್ಟು ಒತ್ತಿ ಉಜ್ಜಿ, ರಬ್ಬರಿನ ಚೂರುಗಳನ್ನು ಊದಿ, ಉಳಿದ ಹೆಸರುಗಳನ್ನೆಲ್ಲ ಓದೆಂದು ನನಗೆ ಹೇಳಿದರು. ಓದಿದೆ. ಅಪ್ಪ, ಅವ್ವ, ತಾನು, ಮೂವರು ತಮ್ಮಂದಿರು, ಅವರ ಮಕ್ಕಳು. ಇನ್ನೊಂದು ಸಲ ಓದೆಂದರು. "ಎಲ್ರೂ ಒಂದೇ ತಾವ ಇದ್ದೀವಲ್ಲ" ಎಂದು, ಗೆರೆಗಳ ಮೇಲೆ ಬೆರಳಾಡಿಸಿದರು. ನಾನು ಅಳತೆಪಟ್ಟಿ ಇಟ್ಟು ಎಳೆದ ಗೆರೆಗಳವು.

ಆಮೇಲೆ, "ಕಾರಲ್ ಕುಂತಿರೋನ್ನ ಕರಿ" ಎಂದರು. ನಾನು ಮೆಟ್ಟಿಲಿಳಿದು ಓಡಿದೆ. ಮುನಿರಾಜಪ್ಪನವರು ನಿಧಾನವಾಗಿ ಹತ್ತಿ ಬಂದು, ಕೊನೆಯ ಮೆಟ್ಟಿಲಿನಲ್ಲೇ ನಿಂತರು. ಅಕ್ಕ ತಮ್ಮನ ಮುಖ ನೋಡದೆ, ಸಂಡಿಗೆಯನ್ನು ನೋಡುತ್ತ, "ಊಟ ಆಯ್ತೇನೋ?" ಎಂದರು. ಆಗ ಬೆಳಗಿನ ಹನ್ನೊಂದು ಗಂಟೆ. "ಇಲ್ಲಕ್ಕ" ಎಂದರು ಆ ನಾಲ್ಕು ಅಪಾರ್ಟ್‌ಮೆಂಟಿನ ಯಜಮಾನರು, ಶಾಲೆಯಿಂದ ಬಂದ ಮಗುವಿನ ದನಿಯಲ್ಲಿ. ಸಾಕಮ್ಮ ಅರ್ಧ ಒಣಗಿದ ಸಂಡಿಗೆಯನ್ನು ಎಲ್ಲರಿಗೂ ಕೊಟ್ಟರು.

ಸಾಕಮ್ಮನ ವಕೀಲರು ಪತ್ರಗಳನ್ನು ನೋಡಿ, ಭಾಗ ತಿದ್ದಿ, ಎಲ್ಲರ ಸಹಿ ಆಗುವ ಹೊತ್ತಿಗೆ ನನ್ನ ಆರು ವಾರ ಮುಗಿದು ಎಷ್ಟೋ ದಿನಗಳಾಗಿದ್ದವು. ಅಕ್ಕತಮ್ಮ ಅಕ್ಕಪಕ್ಕ ಕುಳಿತು ಸಹಿ ಹಾಕಿದ್ದನ್ನು ನಾನು ನೋಡಲಿಲ್ಲ. ಅಫ್ರೀನ್ ಹೇಳಿ ತಿಳಿದದ್ದು. ಕೊನೆಯ ದಿನ ಮೇಡಂ ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಒಳಗೆ ಕರೆದರು. ಕ್ಷಮಿಸಿ ಎಂದು ನಾನೇ ಮೊದಲು ಶುರುಮಾಡಿದೆ. ಅವರು ಕೈಯೆತ್ತಿ ತಡೆದು, "ಬರೆದಿದ್ದಕ್ಕಲ್ಲ ಕಣಮ್ಮ. ಪೆನ್ಸಿಲ್ ಕೊಟ್ಟಿರೋದೇ ತಪ್ಪು ಬರೀಲಿ ಅಂತ. ನಾನು ಕೇಳಿದಾಗ ಗೊತ್ತಿಲ್ಲ ಅನ್ನಬಹುದಿತ್ತು ನೀನು" ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದು ನಮ್ಮ ವೃತ್ತಿಯ ಕುಲಧರ್ಮ. ಅಂದು ಮಾತ್ರ ಅವರು ದೀಪವನ್ನು ನೇರವಾಗಿ ನನ್ನ ಮುಖಕ್ಕೇ ಹಿಡಿದರು. ಪೆನ್ನು ಅಫ್ರೀನಳಿಗೆ ಹೋಯಿತು. ನನ್ನ ಪೆನ್ಸಿಲ್ಲನ್ನು ಯಾರೂ ವಾಪಸು ಕೇಳಲಿಲ್ಲವಾದ್ದರಿಂದ ನಾನದನ್ನು ಮನೆಗೆ ತಂದೆ.

ಅಂದಿನಿಂದ ನನಗೆ ಖಚಿತವಾಗಿ ಗೊತ್ತಿಲ್ಲದ್ದನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆಯುವ ಚಾಳಿ. ವಯಸ್ಸಾದಂತೆ ಖಚಿತವಾಗಿ ಗೊತ್ತಿರುವುದು ಕಡಿಮೆಯಾಗುತ್ತಿದೆ, ಪೆನ್ಸಿಲ್ಲಿನ ಖರ್ಚು ಹೆಚ್ಚಾಗುತ್ತಿದೆ. ಈಗ ಯಲಹಂಕದ ಬಳಿಯ ಒಂದು ಕಾಲೇಜಿನಲ್ಲಿ ಆಸ್ತಿ ಕಾನೂನು ಕಲಿಸುತ್ತೇನೆ. ಕೆಲಸ ಒಗ್ಗಿದೆ, ಮಕ್ಕಳು ಒಳ್ಳೆಯವರು, ಕುರ್ಚಿ ನನ್ನದೇ. ಆದರೂ ಬಸ್ಸು ಹೆಬ್ಬಾಳದ ಮೇಲ್ಸೇತುವೆಯನ್ನು ಹತ್ತುವಾಗ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಕೆಳಗಿನಿಂದ ಮೇಲಕ್ಕೆ ಎಣಿಸಿ ಏಳನೆಯ ಮಹಡಿಯ ಕಿಟಕಿಯನ್ನು ಹುಡುಕುತ್ತೇನೆ. ಯಾರೋ ರಜೆ ಹಾಕಿದ ಕುರ್ಚಿಯಲ್ಲಿ ಕುಳಿತು, ಪುಡಿಯಾಗುವ ಕಾಗದವನ್ನು ಬೆಳಕಿಗೆ ಹಿಡಿಯುವ ಆ ಬೆಳಗುಗಳು ಬೇಕೆನ್ನಿಸುತ್ತದೆ. ಒಂದೂವರೆಗೆ ಬರುತ್ತಿದ್ದ ಆ ಫೋನು, ಆ ಹುಳಿ ಬೇಳೆಸಾರು ಬೇಕೆನ್ನಿಸುತ್ತದೆ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಅಫ್ರೀನ್ ಆಮೇಲೆ ಎಷ್ಟೋ ಸಲ ಫೋನು ಮಾಡಿದಳು, ಸಂದೇಶ ಕಳಿಸಿದಳು. ಅವಳ ಕೈಗೆ ಹೋದ ಪೆನ್ನನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಅದು ಶುದ್ಧ ಹೊಟ್ಟೆಕಿಚ್ಚು. ಉತ್ತರವಾಗಿ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದೆ. ಆಮೇಲೆ ಅದನ್ನೂ ಕಳಿಸಲಿಲ್ಲ. ಎರಡು ವರ್ಷವಾದ ಮೇಲೆ ಅವಳ ಹೆಸರು ನನ್ನ ಫೋನಿನಲ್ಲಿ ಮೇಲೆ ಬರುವುದು ನಿಂತುಹೋಯಿತು. ಅವಳು ನನ್ನನ್ನು ಮರೆತಳು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಈ ಬೇಸಿಗೆ ನನ್ನ ವಿದ್ಯಾರ್ಥಿನಿ ಚೈತ್ರಾ ಅದೇ ಸಂಸ್ಥೆಗೆ ತರಬೇತಿಗೆ ಹೋಗಿದ್ದಳು. ಶಿಫಾರಸು ಪತ್ರ ಬರೆದುಕೊಟ್ಟವಳು ನಾನೇ. ನಾನಲ್ಲಿ ಇದ್ದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಶಿವಲಿಂಗಯ್ಯನವರ ಪೆನ್ನನ್ನೂ ಹೊಸ ಫಾರಮನ್ನೂ ಹಿಡಿದು ಕೋಣೆಗೆ ಬಂದರೆ, ಅವಳು ತರಬೇತಿ ಮುಗಿಸಿದ ಸಂಭ್ರಮದಲ್ಲಿ ನನಗಾಗಿ ಕಾಯುತ್ತಿದ್ದಳು. ವಂಶವೃಕ್ಷ ಬರೆಯುವುದನ್ನು ಕಲಿತೆ ಎಂದಳು. ಕೊನೆಗೆ, ಹಾಳೆ ಒಪ್ಪಿಸುವ ಮುಂಚೆ ಒಂದೊಂದನ್ನೇ ಪರೀಕ್ಷಿಸಿ ತುಂಬಬೇಕಾದ ತಾಳೆಪಟ್ಟಿಯ ಮಾತು ಬಂತು.

"ಅದರಲ್ಲಿ ಕೊನೇ ಕಾಲಂ ಸಾಕಮ್ಮ ಅಂತಿದೆ ಮೇಡಂ. ಯಾರ ಹೆಸರು ಮಧ್ಯದಲ್ಲಿ ಕಾಣಿಸ್ದೆ ಹೋಗುತ್ತೋ ಅವರಿಗೆ ಫೋನ್ ಮಾಡಿ ಕೇಳ್ದೆ ಆ ಕಾಲಂ ತುಂಬೋ ಹಾಗಿಲ್ಲ. ದಿನಾ ಸಂಜೆ ಅಫ್ರೀನ್ ಮೇಡಂ ಬಂದು, ಸಾಕಮ್ಮ ಆಯ್ತಾ ಅಂತ ಕೇಳ್ತಾರೆ. ಯಾಕೆ ಆ ಹೆಸರು ಅಂದ್ರೆ, ಇಲ್ಲಿ ನನ್ನ ಫ್ರೆಂಡ್ ಒಬ್ಬಳಿದ್ಲು, ಅವಳಿಂದ ಕಲ್ತಿದ್ದು ಅಂದ್ರು."

ಕೆಲಸದ ಪತ್ರ ಸಿಕ್ಕಿತೇ ಎಂದು ಕೇಳಿದೆ, ಈ ವರ್ಷ ಪತ್ರ ತಡವಂತೆ, ಇನ್ನೂ ಗೊತ್ತಿಲ್ಲ ಮೇಡಂ ಎಂದಳು. ಗೊತ್ತಿಲ್ಲ ಎನ್ನಲು ಬಂದದ್ದೇ ದೊಡ್ಡದು ಎಂದು ಹೇಳಿ ಕಳಿಸಿ, ಬಾಗಿಲು ಹಾಕಿಕೊಂಡೆ. ಏಳೆಂಟು ವರ್ಷ ಕೆಳಗಿನಿಂದ ನೋಡುತ್ತ ಹಂಬಲಿಸಿದ ಆ ಮಹಡಿಯಲ್ಲಿ ನನ್ನ ಕುರ್ಚಿಯಿಲ್ಲ, ಹೆಸರಿಲ್ಲ. ನನ್ನ ತಪ್ಪು ಮಾತ್ರ ದಿನವೂ ಸಂಜೆ ಹಾಜರಿ ಹಾಕುತ್ತಿದೆ, ಅದನ್ನು ಅಲ್ಲಿ ಇಟ್ಟುಕೊಂಡು ಸಾಕುತ್ತಿರುವವಳು ಅವಳು. ಇತ್ತ ನಾನೋ, ಹೆಸರು ಕಾಣಿಸುತ್ತಿಲ್ಲವೆಂಬ ಒಂದೇ ಕಾರಣಕ್ಕೆ, ಕೇಳದೆ, ಫೋನು ಮಾಡದೆ, ಅವಳನ್ನು ನನ್ನ ಪಟ್ಟಿಯಿಂದ ತೀರಿಸಿಬಿಟ್ಟಿದ್ದೆ. ಕೆಟ್ಟ ಮೇಲೂ ಬುದ್ಧಿ ಬಂದಿರಲಿಲ್ಲ.

ಹಳೆಯ ಸಂಖ್ಯೆಯನ್ನೇ ಒತ್ತಿದೆ. ನಾಲ್ಕು ಸಲ ರಿಂಗಾಯಿತು. ಐದನೆಯ ಸಲಕ್ಕೆ ಇಟ್ಟುಬಿಡೋಣ ಎನ್ನುವಷ್ಟರಲ್ಲಿ ಆ ಕಡೆಯಿಂದ ದನಿ ಬಂತು. "ಏನ್ ಸಮಾ..." ಎಂದು ಶುರುವಾದದ್ದು ಅಲ್ಲೇ ನಿಂತಿತು. ಕುಗ್ಗಿದ ಸ್ವರದಲ್ಲಿ, "ಬದುಕಿದ್ದೀಯಾ?" ಎಂದಳು. ಈ ಸಲ ಅದು ತಮಾಷೆಯಾಗಿರಲಿಲ್ಲ. ಇದ್ದೀನಿ ಕಣೇ ಎಂದೆ. ಎದುರಿಗಿದ್ದ ಫಾರಂ ನೋಡಿಕೊಂಡು, ಆಪತ್ತು ಬಂದರೆ ತಿಳಿಸಬೇಕಾದವರ ಸಾಲಿನಲ್ಲಿ ನಿನ್ನ ಹೆಸರು ಬರೆಯಬಹುದೇ ಎಂದು ಕೇಳಿದೆ. ಆ ಕಡೆ ಯಾರೋ ಅವಳನ್ನು ಮೇಡಂ ಎಂದು ಕರೆದರು, ಅವಳು ಓಗೊಡಲಿಲ್ಲ.

"ಬರ್ಕೋ. ಆದ್ರೆ ನಿಂಗೆ ಆಪತ್ತು ಬಂದಾಗ್ಲೇ ಬರ್ಬೇಕಾ ನಾನು?"

ಶಿವಲಿಂಗಯ್ಯನವರ ಪೆನ್ನಿನ ಮುಚ್ಚಳ ತೆಗೆದು, ಸ್ನೇಹಿತರ ಸಾಲಿನಲ್ಲಿ ಮೊದಲು ಅವಳ ಹೆಸರು ಬರೆದೆ. ಉಳಿದ ಸಾಲುಗಳನ್ನು ಇನ್ನೂ ತುಂಬಬೇಕು.